ನೂರ ಅರವತ್ತಮೂರರ ಬಾಗು

ಬಾಯ್ಲರ್ ಮನೆಯ ಹಬೆ ಕೊಳವೆ ಬಾಗಿದ ಜಾಗದಲ್ಲೇ ಸೀಳಿತ್ತು. ಕೆಳಗೆ ಫಿಟರ್ ಸತ್ತುಬಿದ್ದಿದ್ದ. ಮುಖ ನೋಡುವಂತಿರಲಿಲ್ಲ.

ಇನ್ಸ್‌ಪೆಕ್ಟರ್ ಸೀಳಿನ ಅಂಚು ಮುಟ್ಟಿದಳು. ತಗಡಿನಷ್ಟು ತೆಳು.

"ತೀರಾ ಬಿಗಿಯಾಗಿ ಬಗ್ಗಿಸಿದರೆ ಹೊರಮೈ ಹಿಗ್ಗಿ ಹೀಗಾಗುತ್ತೆ ಮೇಡಂ," ಎಂದ ವರ್ಕ್‌ಶಾಪ್ ಮುಖ್ಯಸ್ಥ. ಕಾರ್ಖಾನೆಗೆಲ್ಲ ಅವನು ದೊಡ್ಡಪ್ಪ. "ಡ್ರಾಯಿಂಗ್‌ನಲ್ಲಿ ಇದ್ದದ್ದನ್ನೇ ನಾವು ಮಾಡೋದು. ಡ್ರಾಯಿಂಗ್ ಇವನ ಹೆಂಡತೀದು."

*

ವಿನ್ಯಾಸ ಕೋಣೆಯಲ್ಲಿ ಫಿಟರನ ಹೆಂಡತಿ ಕಂಪ್ಯೂಟರಿನ ಮುಂದೆ ಕುಳಿತೇ ಇದ್ದಳು. ಅತ್ತಿರಲಿಲ್ಲ.

"ಕೊಳವೆ ಎಷ್ಟು ಬಿಗಿಯಾಗಿ ಬಾಗಬಹುದು ಅನ್ನೋ ಮಿತಿ ಇಲ್ಲಿರುತ್ತೆ ಮೇಡಂ. ಮುನ್ನೂರು ಮಿಲಿಮೀಟರ್ ಇಟ್ಟಿದ್ದೆ. ಅದಕ್ಕಿಂತ ಕಮ್ಮಿಯಾದರೆ ತೆರೆಯ ಮೇಲೆ ಕೊಳವೆ ಕೆಂಪಾಗುತ್ತೆ. ಮಂಗಳವಾರ ಮಧ್ಯಾಹ್ನ ಒಂದೂ ಹತ್ತಕ್ಕೆ ಯಾರೋ ನೂರ ಅರವತ್ತಮೂರು ಮಾಡಿದ್ದಾರೆ. ನನ್ನ ಹೆಸರಲ್ಲಿ."

"ಆಗ ಎಲ್ಲಿದ್ದೆ?"

"ಊಟಕ್ಕೆ. ನಮ್ಮವರ ಜೊತೆ." ತಡೆದಳು. "ಸಾಕ್ಷಿ ಅವರೊಬ್ಬರೇ."

ಕಾನ್‌ಸ್ಟೇಬಲ್ ಪಿಸುಗುಟ್ಟಿದ: "ಇವತ್ತು ಬೆಳಿಗ್ಗೆ ಗಂಡ ಹೆಂಡತಿ ಜಗಳ ಆಡಿದ್ರಂತೆ."

"ಯಾಕೆ?"

"ಫ್ಯಾನಿಗೆ ಎಣ್ಣೆ ಬಿಡೋ ವಿಷಯಕ್ಕೆ," ಎಂದಳು ಅವಳೇ. "ಊರಿನ ಯಂತ್ರವೆಲ್ಲ ರಿಪೇರಿ ಮಾಡ್ತೀರ, ನಮ್ಮನೇದು ಕಿರುಗುಟ್ಟುತ್ತೆ ಅಂದೆ."

"ಪಾಸ್‌ವರ್ಡ್?"

"ಎಲ್ಲರಿಗೂ ಗೊತ್ತು. ಈ ಸಾಫ್ಟ್‌ವೇರಿಗೆ ಇರೋದೇ ಒಂದು ಲೈಸೆನ್ಸ್. ನಾನೆದ್ದರೆ ಇನ್ನೊಬ್ಬರು ಕೂರ್ತಾರೆ. ಮೇಡಂ, ನಾನೇ ಕೊಂದೆನಾ?"

"ನೂರ ಅರವತ್ತಮೂರೇ ಯಾಕೆ?"

"ಗೊತ್ತಿಲ್ಲ. ಆ ಅಳತೆ ಯಾವ ಪಟ್ಟಿಯಲ್ಲೂ ಇಲ್ಲ."

"ಮತ್ತೆ ಮುನ್ನೂರು ಹಾಕು ತಂಗಿ."

ತೆರೆಯ ಮೇಲೆ ಎರಡು ಕೊಳವೆಗಳು ಕೆಂಪಾದವು. ಒಂದು ಸೀಳಿದ್ದು. ಇನ್ನೊಂದು ಇನ್ನೂ ಬಾಯ್ಲರ್ ಮನೆಯಲ್ಲೇ ಇತ್ತು.

*

"ಬನ್ನಿ ದೊಡ್ಡಪ್ಪ, ಒಂದು ಸುತ್ತು ಹಾಕೋಣ."

ಬಾಯ್ಲರ್ ಮನೆಯ ಬಿಸಿ ಇನ್ನೂ ಇಳಿದಿರಲಿಲ್ಲ. ತಲೆಯ ಮೇಲೆ ಕೊಳವೆಗಳ ಸಾಲು. ಎಲ್ಲೋ ಲೋಹ ಟಣ್ ಎಂದಿತು. ಮೊದಲ ಕಂಬ. ಎರಡನೆಯದು. ಮೂರನೆಯದರ ಬಳಿ ದೊಡ್ಡಪ್ಪ ನಿಂತುಬಿಟ್ಟ.

"ಯಾಕೆ?"

"ಮುಂದೆ ಬೇಡ ಮೇಡಂ. ದಮ್ಮಯ್ಯ."

"ಹಬೆ ನಿಲ್ಲಿಸಿ ಅರ್ಧ ಗಂಟೆಯಾಯ್ತು. ನಿಮಗೊಬ್ಬರಿಗೆ ಹೇಳಿರಲಿಲ್ಲ. ಎರಡನೇ ಬಾಗು ಇಲ್ಲೇ ಇದೆ ಅಂತ ಕಂಪ್ಯೂಟರ್ ನನಗೆ ಹೇಳಿತು. ನಿಮಗೆ ಯಾರು ಹೇಳಿದರು?"

ಅವನು ತಲೆಯ ಮೇಲಿನ ಕೊಳವೆಯನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದ.

"ಕೊಳವೆ ಬಗ್ಗಿಸೋ ಯಂತ್ರದ ದೊಡ್ಡ ಅಚ್ಚು ಮುರಿದಿದೆ. ಹೊಸದು ಬರೋಕೆ ಮೂರು ವಾರ. ಅದಕ್ಕೆ ಹಳೇ ಸಣ್ಣ ಅಚ್ಚನ್ನ ನೀವೇ ಲೇತ್‌ನಲ್ಲಿ ಕಡೆದು ಹೊಂದಿಸಿದಿರಿ. ಈಗಷ್ಟೇ ಅಳೆದೆ. ನೂರ ಅರವತ್ತಮೂರು. ಅವಳು ಆ ಅಚ್ಚನ್ನ ಕಣ್ಣಲ್ಲೂ ನೋಡಿಲ್ಲ. ಆ ಅಂಕಿ ಗೊತ್ತಿದ್ದದ್ದು ಕಡೆದವರಿಗೆ ಮಾತ್ರ."

"ಕೆಲಸ ಮುಗಿಸೋಕೆ ಮಾಲೀಕರಿಗೆ ತಾರೀಕು ಕೊಟ್ಟಿದ್ದೆ," ಎಂದ ದೊಡ್ಡಪ್ಪ. "ತಡಕೊಳ್ಳುತ್ತೆ ಅಂದುಕೊಂಡೆ."

*

"ನೀನಲ್ಲ ತಂಗಿ," ಎಂದಳು ಇನ್ಸ್‌ಪೆಕ್ಟರ್.

ಫಿಟರನ ಹೆಂಡತಿ ಡ್ರಾಯಿಂಗ್ ಹಾಳೆಯನ್ನು ಮುಂದೆ ಸರಿಸಿದಳು. ಪರಿಶೀಲಿಸಿದವರು ಎಂಬಲ್ಲಿ ಅವಳ ಪುಟ್ಟ ಸಹಿಯಿತ್ತು.

"ಅವತ್ತು ಸಂಜೆ ಓದದೇ ಹಾಕಿದೆ ಮೇಡಂ. ನಮ್ಮವರು ಮನೆಗೆ ಹೊರಡೋಕೆ ಕೆಳಗೆ ಕಾಯ್ತಿದ್ದರು. ಬೇಗ ಮುಗಿಸೇ, ಹಸಿವಾಗ್ತಿದೆ ಅಂದರು."