ಹೊಡೆದ ಸಾಲಿನ ಕೆಳಗೆ ಚುಕ್ಕಿ

“ನೀವಾ... ಇಲ್ಲಿಗ್ಯಾಕೆ ಬಂದ್ರಿ?”

ಸ್ಕ್ಯಾನಿಂಗ್ ಸೆಂಟರಿನ ಬೆಂಚಿನಿಂದ ಅವಳು ದಡಕ್ಕನೆ ಎದ್ದಳು. ಬೆನ್ನು ಛಳಕ್ ಎಂದಿತು. ಮತ್ತೆ ಕುಳಿತಳು.

“ನಿಮ್ಮಮ್ಮ ಫೋನ್ ಮಾಡಿದ್ರು,” ಎಂದ ಅವನು.

ಪಕ್ಕದಲ್ಲಿದ್ದ ಅಮ್ಮ ಏನೂ ಅರಿಯದವರಂತೆ ಗೋಡೆಯ ಟಿವಿ ನೋಡತೊಡಗಿದರು. ಟಿವಿ ಆಫ್ ಆಗಿತ್ತು!

ಅವನು ಪ್ರೆಸ್ಸಿನಲ್ಲಿ ಡಿಟಿಪಿ ಮಾಡುವವನು. ಅವಳು ಅಲ್ಲೇ ಪ್ರೂಫ್ ನೋಡುವವಳು. ನಾಲ್ಕು ವರ್ಷಗಳಿಂದ ಅವನು ಟೈಪ್ ಮಾಡಿದ್ದನ್ನು ತಿದ್ದಿ ತಿದ್ದಿ ಎಲ್ಲರ ಬಾಯಲ್ಲಿ ‘ಕೆಂಪು ಪೆನ್ನು’ ಆಗಿದ್ದಳು. ತಪ್ಪಿ ಹೊಡೆದುಹಾಕಿದ ಪದದ ಕೆಳಗೆ ಸಾಲಾಗಿ ಚುಕ್ಕಿ ಇಟ್ಟರೆ ‘ಇದ್ದಂತೆಯೇ ಇರಲಿ’ ಎಂದರ್ಥ. ಅವಳು ಒಮ್ಮೆಯೂ ಚುಕ್ಕಿ ಇಟ್ಟವಳಲ್ಲ. ಹೊಡೆದರೆ ಹೊಡೆದಂತೆಯೇ!

ಎರಡು ವಾರದ ಹಿಂದೆ, ಭೂಗೋಳದ ಪುಸ್ತಕವೊಂದರ ಪ್ರೂಫಿನ ಕೊನೆಯ ಪುಟದಲ್ಲಿ ಒಂದು ಹೆಚ್ಚುವರಿ ಸಾಲಿತ್ತು.

‘ಕೆಂಪು ಪೆನ್ನು ಮೇಡಂ, ನನ್ನನ್ನು ಮದುವೆ ಆಗ್ತೀರಾ?’

ಆ ದಿನವಿಡೀ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ನಾಳೆ ‘ಹೂಂ’ ಅಂದುಬಿಡಬೇಕು...

ಸಂಜೆ, ಬೆನ್ನುನೋವಿಗೆಂದು ಮಾಡಿಸಿದ್ದ ಮೊದಲ ಸ್ಕ್ಯಾನಿನ ರಿಪೋರ್ಟ್ ಬಂತು. ಬೆನ್ನುಹುರಿಯ ಪಕ್ಕ ಒಂದು ಕಲೆ. ಗಡ್ಡೆಯೋ, ಹಳೆಯ ಪೆಟ್ಟಿನ ಗುರುತೋ ಹೇಳಲಾಗದು, ಇನ್ನೊಂದು ಸ್ಕ್ಯಾನ್ ಬೇಕು ಎಂದಿತ್ತು.

ನಾಳೆ ನನ್ನ ಕಾಲೇ ಸ್ವಾಧೀನ ತಪ್ಪಿದರೆ? ಇವನ ತಲೆಗೆ ನನ್ನನ್ನು ಕಟ್ಟಲೇ?

ಮರುದಿನ ಬೆಳಿಗ್ಗೆ ಆ ಸಾಲಿನ ಮೇಲೆ ಕೆಂಪು ಗೆರೆ ಎಳೆದು ವಾಪಸ್ ಕಳಿಸಿದಳು. ಅವನು ತುಟಿಪಿಟಕ್ಕೆನ್ನದೆ ಕಂಪ್ಯೂಟರಿನಿಂದ ಅದನ್ನು ಅಳಿಸಿದ.

ಈಗ ತಡೆಯಲಾಗದೆ ಕೇಳಿಯೇಬಿಟ್ಟಳು. “ಯಾಕೆ ಅಂತ ಒಂದು ಮಾತೂ ಕೇಳ್ಲಿಲ್ವಲ್ಲ ನೀವು!”

“ನೀವು ಹೊಡೆದಿದ್ದನ್ನ ನಾನು ಯಾವತ್ತು ಪ್ರಶ್ನೆ ಮಾಡಿದೀನಿ? ಇಷ್ಟ ಇಲ್ಲ ಅಂದ್ಕೊಂಡೆ.”

ಇಷ್ಟ ಇಲ್ಲವಂತೆ!

“ಇವತ್ತು ಗೊತ್ತಾಗತ್ತೆ. ಏನೂ ಇಲ್ಲ ಅಂದ್ರೆ ನಾನೇ ಉತ್ತರ ಹೇಳ್ತೀನಿ. ಏನಾದ್ರೂ ಇದ್ರೆ... ದಯವಿಟ್ಟು ಎದ್ದು ಹೋಗ್ಬಿಡಿ.”

ಅವನು ಪಕ್ಕದಲ್ಲಿ ಕುಳಿತ.

ಒಳಗೆ ಡಾಕ್ಟರು ಹೊಸ ಸ್ಕ್ಯಾನಿನ ಫಿಲ್ಮನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. “ಕಲೆ ಬೆಳೆದಿಲ್ಲಮ್ಮ. ಆದ್ರೆ ಏನು ಅಂತ ಈಗ್ಲೂ ಖಚಿತವಾಗಿ ಹೇಳಕ್ಕಾಗಲ್ಲ. ಮೂರು ತಿಂಗಳು ಬಿಟ್ಟು ಮತ್ತೆ ನೋಡೋಣ.”

ಹೊರಬಂದವಳ ಕಣ್ಣೀರು ಕೆನ್ನೆಗಿಳಿಯಿತು.

“ಇನ್ನೂ ಮೂರು ತಿಂಗಳು... ಹೌದು ಅಂತಾನೂ ಇಲ್ಲ, ಅಲ್ಲ ಅಂತಾನೂ ಇಲ್ಲ. ಒಬ್ಳೇ ಭಯಪಟ್ಟು ಸಾಕಾಗಿದೆ ನಂಗೆ!”

“ನಂಗೂ ಭಯ ಆಗ್ತಿದೆ,” ಎಂದ ಅವನು. “ಏನೂ ಆಗಲ್ಲ ಅಂತ ಹೇಳೋಕೆ ನಾನ್ಯಾರು? ಆದ್ರೆ ಈ ಬೆಂಚಲ್ಲಿ ನಿಮ್ಮ ಪಕ್ಕ ಕೂರೋಕೆ ನಂಗೆ ಯಾವ ರಿಪೋರ್ಟೂ ಬೇಡ.”

ಅವಳು ಅವನನ್ನೇ ನೋಡಿದಳು. ಎದೆಯಲ್ಲಿ ಹಿಡಿದಿಟ್ಟಿದ್ದೆಲ್ಲ ಸಡಿಲವಾಯಿತು.

“ಆ ಪುಟ... ಎಸೆದ್ರಾ?”

ಅವನು ಅಂಗಿಯ ಜೇಬಿನಿಂದ ಅದನ್ನು ತೆಗೆದ. ಮಡಚಿ ಬಿಚ್ಚಿ ಅಂಚು ಸವೆದಿತ್ತು.

ಸ್ಕ್ಯಾನಿನ ಕವರಿನ ಮೇಲೆ ಪುಟವನ್ನಿಟ್ಟು, ಹೊಡೆದ ಸಾಲಿನ ಕೆಳಗೆ ಅವಳು ಒಂದೊಂದೇ ಕೆಂಪು ಚುಕ್ಕಿ ಇಡುತ್ತಾ ಹೋದಳು. ‘ಮೇಡಂ’ ಬಂದಾಗ ಮಾತ್ರ ದಾಟಿ ಮುಂದೆ ಹೋದಳು.

“ಅದೊಂದು ಪದಕ್ಕೆ ಚುಕ್ಕಿ ಇಲ್ಲ. ತೆಗೆದುಬಿಡಿ.”

“ತೆಗೆದೆ.” ಅವನ ಕಣ್ಣು ತುಂಬಿತ್ತು.

“ಈಗ್ಲೂ ಯಾಕೆ ಅಂತ ಕೇಳಲ್ವಾ?”

“ಕೇಳ್ತೀನಿ... ಯಾಕೆ?”

“ಗಂಡ ಆಗೋನು ಹೆಂಡ್ತೀನ ಮೇಡಂ ಅಂತಾನಾ?”