ಗುಮ್ಮಟದ ಅಜ್ಜಿ

"ನಿಮ್ಮ ರೆಕಾರ್ಡಿಂಗಲ್ಲಿ ಚಪ್ಪಾಳೆ ಎರಡು ಸಲ ಕೇಳಿಸಿ ಕಟ್ ಆಗ್ತಿದೆ," ಅಂದ ಗೈಡ್, ಹೆಡ್‌ಫೋನನ್ನು ಒಂದು ಕಿವಿಯಿಂದ ಸರಿಸಿ. "ಮಿಕ್ಕಿದ್ದು ಎಲ್ಲಿ?"

ಮಿಕ್ಕಿದ್ದನ್ನು ಬಸ್ಸಲ್ಲಿ ಬರ್ತಾ ನಾನೇ ಕತ್ತರಿಸಿದ್ದೆ. "ಫೋನ್ ಹಳೇದು," ಅಂದೆ.

ಮೂರು ವರ್ಷದ ಹಿಂದೆ ಅಕ್ಕನ ಜೊತೆ ಇಲ್ಲಿಗೆ ಪ್ರವಾಸ ಬಂದಿದ್ದೆ. ನಾನೂರು ವರ್ಷದ ಗುಮ್ಮಟ. ಒಳಗೆ ಈ ಕಡೆ ಗೋಡೆಗೆ ಪಿಸುಗುಟ್ಟಿದರೆ ಆ ಕಡೆ ಗೋಡೆ ಪಕ್ಕ ನಿಂತವರ ಕಿವಿಯಲ್ಲಿ ಹೇಳಿದ ಹಾಗಿರುತ್ತಿತ್ತು. ನಮ್ಮ ಗೈಡ್ ಇವನೇ. ಒಂದು ಚಪ್ಪಾಳೆ ತಟ್ಟಿ, ಅದು ಏಳು ಸಲ ತಿರುಗಿ ಬರೋದನ್ನ ಬೆರಳು ಮಡಿಸಿ ಎಣಿಸಿದ್ದ. ಅಕ್ಕ ಗುಮ್ಮಟ ನೋಡಿದಳು. ಫೋನಲ್ಲಿ ರೆಕಾರ್ಡ್ ಮಾಡ್ತಾ ನಾನು ಬೆರಳು ನೋಡಿದೆ.

ಹೋದ ತಿಂಗಳು ಬೆಂಕಿ ಬಿತ್ತು. ಗುಮ್ಮಟದ ಅರ್ಧ ಕುಸಿಯೋದನ್ನ ಟಿವಿಯಲ್ಲಿ ನೋಡಿದೆ. ಕಾರ್ಟೂನಿನ ಕತ್ತೆಯಿಂದ ಮಹಾರಾಣಿವರೆಗೆ ಎಲ್ಲರಿಗೂ ದನಿ ಕೊಡೋ ಡಬ್ಬಿಂಗ್‌ನವಳು ನಾನು, ಎರಡು ದಿನ ಸ್ಟುಡಿಯೋ ಕಡೆ ಹೋಗಲಿಲ್ಲ. ಆಮೇಲೆ ದುರಸ್ತಿ ಆಫೀಸಿನ ಪ್ರಕಟಣೆ ಬಂತು: ಒಳಗೆ ಮಾಡಿದ ಹಳೇ ರೆಕಾರ್ಡಿಂಗ್ ಇದ್ದರೆ ತನ್ನಿ, ಆ ದನಿಯ ಅಳತೆ ಹಿಡಿದೇ ಮತ್ತೆ ಕಟ್ಟಬೇಕು. ಕೆಳಗಿದ್ದ ಹೆಸರು, ನಂಬರ್ ಇವನದು.

"ಇಪ್ಪತ್ತಾರು ಬಂದಿದೆ, ಎಲ್ಲದರಲ್ಲೂ ಬರೀ ಕೂಗಾಟ. ನಿಮ್ಮದೊಂದೇ..." ಅಂದವನು ಮಾತು ಮುಗಿಸಲಿಲ್ಲ. ಕಿಟಕಿಯಾಚೆ ಗುಮ್ಮಟ ಇರಬೇಕಾದ ಕಡೆ ಕ್ರೇನ್ ನಿಂತಿತ್ತು. ಅವನು ಅತ್ತ ನೋಡಿ ಮೂಗೊರೆಸಿಕೊಂಡ.

ನನ್ನ ಬಿಗುಮಾನ ಕರಗಿಹೋಯ್ತು. "ಮೂರನೇ ಪ್ರತಿಧ್ವನಿ ಮೇಲೆ ಒಂದು ಪಿಸುಮಾತಿದೆ," ಅಂದೆ.

"ಪಿಸುಮಾತಾದ್ರೆ ಬೇರೆ ಮಾಡಬಹುದು ಕಣ್ರೀ!"

"ಕೇಳದೇ ಬೇರೆ ಮಾಡೋಕಾಗಲ್ವಾ?"

"ಆಗಲ್ಲ."

ಪೂರ್ತಿ ಫೈಲ್ ಕಳಿಸಿ, ಮೇಜಿನ ಮೇಲಿದ್ದ ಸ್ಟೇಪ್ಲರನ್ನು ಬಹಳ ಶ್ರದ್ಧೆಯಿಂದ ನೋಡತೊಡಗಿದೆ.

ಅವನ ಬೆರಳು ಮಡಿಸಿಕೊಂಡವು. ಒಂದು. ಎರಡು. ಮೂರನೇದು ಅರ್ಧಕ್ಕೇ ನಿಂತಿತು. ಕಿವಿ ಕೆಂಪಾಯಿತು. ಹೆಡ್‌ಫೋನ್ ಕಿತ್ತು ಮೇಲೆದ್ದ.

"ಈ ಅಜ್ಜಿ!"

"ಯಾವ ಅಜ್ಜಿ?"

"'ಈ ಗೈಡನ್ನೇ ಕಟ್ಕೊಂಡು ಊರಿಗೆ ಹೋಗೋಣ ಕಣೇ' ಅಂದ ಅಜ್ಜಿ! ಆವತ್ತು ಎದುರು ಗೋಡೆ ಹತ್ರ ನಿಂತಿದ್ದೆ, ಅಷ್ಟೂ ಕೇಳಿಸ್ತು. ತಿರುಗಿದ್ರೆ ನಿಮ್ಮ ಗುಂಪಲ್ಲಿ ಕೋಲು ಹಿಡಿದ ಅಜ್ಜಿಯೊಬ್ರು ನನ್ನ ನೋಡಿ ನಗ್ತಿದ್ರು. ನಿಮ್ಮ ಬಸ್ಸು ಹೊರಡೋವರೆಗೂ ಸ್ಟೋರ್ ರೂಮಲ್ಲಿ ಬಚ್ಚಿಟ್ಕೊಂಡಿದ್ದೆ!"

ಅಯ್ಯೋ! ಆವತ್ತು ಹೊರಡೋ ಮುಂಚೆ ಹೋಗಿಬರ್ತೀನಿ ಅನ್ನೋಕೆ ಇವನನ್ನ ಹುಡುಕ್ತಾ ನಾನು ಇಡೀ ಗುಮ್ಮಟ ಸುತ್ತಿದ್ದೆ. ಎದುರು ಗೋಡೆ ಹತ್ರ ಇದ್ದ ಅಕ್ಕನಿಗೆ ಮಾತ್ರ ಕೇಳಿಸುತ್ತೆ ಅಂದುಕೊಂಡು, ಅವಳನ್ನ ನಗಿಸೋಕೆ ನಾನೇ ಹಾಕಿದ ಅಜ್ಜಿ ದನಿ ಅದು. ಈಗ ಅದನ್ನೇ ಮತ್ತೆ ತೆಗೆದೆ.

"ಯಾಕಪ್ಪಾ ಮಗಾ, ಇನ್ನೂ ಬಚ್ಚಿಟ್ಕೊಂಡೇ ಇರ್ತೀಯಾ?"

ಅವನು ಕುರ್ಚಿಗೆ ಧೊಪ್ಪನೆ ಬಿದ್ದ. ನನ್ನನ್ನೇ ನೋಡಿದ. ಹೊಟ್ಟೆ ಹಿಡಿದು ನಕ್ಕ. ಥಟ್ಟನೆ ನಗು ನಿಲ್ಲಿಸಿದ.

"ಅಜ್ಜಿ ಹೇಳಿದ್ದಾಯ್ತು. ನೀವು ಹೇಳಿ."

ನನ್ನ ಸ್ವಂತ ದನಿಗೆ ಇಷ್ಟು ವರ್ಷ ಯಾರೂ ಪಾತ್ರ ಕೊಟ್ಟಿರಲಿಲ್ಲ. ಅದು ಗಂಟಲಲ್ಲಿ ಎರಡು ಸಲ ಎಡವಿ, ಒಡೆದು, ಹೊರಬಂತು.

"ನೀವಂದ್ರೆ ಇಷ್ಟ. ಆವತ್ತಿಂದ."

ಅವನ ಎಡಗೈ ಮೇಜಿನ ಮೇಲೆ ಬಂದು ನನ್ನ ಕೈ ಹಿಡಿಯಿತು, ಬಿಗಿಯಾಗಿ.

"ಇನ್ನೊಂದ್ಸಲ."

"ಕೇಳಿಸ್ಲಿಲ್ವಾ?"

"ಕೇಳಿಸ್ತು," ಅಂದ, ಬಲಗೈಯಲ್ಲಿ ಮೇಜಿನ ಮೇಲಿನ ರೆಕಾರ್ಡರಿನ ಬಟನ್ ತಡಕಾಡುತ್ತಾ. "ಮೈಕ್ ಆನ್ ಮಾಡೋದು ಮರ್ತೆ."