ಹದ್ದಿನ ಗೂಡಿನ ಮಹಜರು

ಮೇ ಇಪ್ಪತ್ತೊಂಬತ್ತರ ಬೆಳಿಗ್ಗೆ ಅಮೆರಿಕದ ವಯೋಮಿಂಗ್‌ನ ಒಂದು ಷೆರಿಫ್ ಪೊಲೀಸ್ ಠಾಣೆಗೆ ದೂರು ಕೊಡಲು ಬಂದವಳು ಡೊರೀನ್ ವಾಲ್ಚ್. ಅಗೆದು ಮುಗಿದ ಕಲ್ಲಿದ್ದಲು ಗಣಿಗಳಲ್ಲಿ ಮಣ್ಣು ತುಂಬಿ ಹುಲ್ಲು ಬೆಳೆಸಿದ್ದಾರೆಯೇ, ಪ್ರಾಣಿಪಕ್ಷಿಗಳು ಮರಳಿವೆಯೇ ಎಂದು ನೋಡುವ ಸರ್ಕಾರಿ ತಪಾಸಣಾಧಿಕಾರಿ ಅವಳು. ತನಿಖಾಧಿಕಾರಿ ರಾಯ್ಸ್ ಹ್ಯಾಲ್ವರ್ಸನ್ ಅವಳಿಗೆ ಕುರ್ಚಿ ಎಳೆದುಕೊಟ್ಟ.

“ಏನಾಯ್ತು?”

“ಉತ್ತರದ ಗಣಿ ಗೋಡೇಲಿ ಹದ್ದಿನ ಗೂಡಿದೆಯಲ್ಲ, ಮೂರು ಮರೀನೂ ಕತ್ತು ತಿರುಚಿಸ್ಕೊಂಡು ಬಿದ್ದಿವೆ.”

“ಹತ್ರ ಹೋಗಿದ್ಯಾ?”

“ಹತ್ರ ಹೋದ್ರೆ ತಾಯಿ ಬೆದರುತ್ತೆ. ಯಾವಾಗ್ಲೂ ಎದುರಿನ ದಿಬ್ಬದಿಂದಾನೇ ದುರ್ಬೀನಲ್ಲಿ ನೋಡೋದು. ಬೇಗ ವಿಚಾರಿಸು ರಾಯ್ಸ್. ಗೂಡು ಖಾಲಿ ಅಂತ ನೀನು ಹೇಳಿದ್ರೆ ಗೋಡೆ ಕೆಡವೋಕೆ ನಾನು ಅಪ್ಪಣೆ ಕೊಡ್ಬೋದು.”

ಹ್ಯಾಲ್ವರ್ಸನ್ ದೂರು ದಾಖಲಿಸಿಕೊಂಡ. ಅಗೆತ ನಿಂತಾಗ ಉಳಿದ ನೂರಡಿಯ ಕಡಿದಾದ ಗೋಡೆ ಅದು. ಮಾರ್ಚಿನಲ್ಲೇ ಕೆಡವಿ ಇಳಿಜಾರು ಮಾಡಬೇಕಿತ್ತು. ಹದ್ದು ಮೊಟ್ಟೆಯಿಟ್ಟಿದೆ, ಗೂಡು ಕೆಡವುವುದು ಕಾನೂನಿನಲ್ಲಿ ಅಪರಾಧ ಎಂದು ಕೆಲಸ ನಿಲ್ಲಿಸಿದವಳು ಡೊರೀನೇ. ಏಪ್ರಿಲ್‌ನಲ್ಲಿ ಅವಳ ಒಬ್ಬನೇ ಮಗ ಕೋಲ್ಬಿ ಬೈಕ್ ಓಡಿಸುತ್ತಾ ಹೋಗಿ ಅದೇ ಗೋಡೆಯ ಅಂಚಿನಿಂದ ಕೆಳಗೆ ಬಿದ್ದ. ಶವದ ಮಹಜರು ಮಾಡಿದ್ದು ಹ್ಯಾಲ್ವರ್ಸನ್. ಮಣ್ಣು ಮಾಡಿದ ಮರುದಿನವೇ ಅವಳು ಕೆಲಸಕ್ಕೆ ಹಾಜರಾದಾಗ ಊರವರು ಕಲ್ಲೆದೆಯವಳು ಎಂದರು. ಊರಿಗೇನು, ಆಡಿಕೊಳ್ಳುವುದಕ್ಕೆ ಯಾರ ಮನೆಯ ಸಾವಾದರೂ ಆದೀತು.

ಮೊದಲ ಅನುಮಾನ ಗಣಿ ಮೇಸ್ತ್ರಿ ಹಾರ್ಲನ್ ಸ್ಟಕಿಯ ಮೇಲೆ. ಕೆಲಸ ನಿಂತ ಹೊಟ್ಟೆಯುರಿಗೆ, ಆ ಹದ್ದುಗಳನ್ನು ಸುಟ್ಟು ತಿನ್ನುತ್ತೇನೆ ಎಂದು ಬಾರಿನಲ್ಲಿ ಕೂಗಾಡಿದ್ದವನು ಅವನು.

“ನಿನ್ನೆ ಎಲ್ಲಿದ್ದೆ?”

“ಕ್ಯಾಸ್ಪರ್ ಪಟ್ಟಣದಲ್ಲಿ ಸಾಹೇಬ್ರೇ, ಹಲ್ಲು ಕೀಳಿಸ್ಕೊಳ್ತಿದ್ದೆ. ನೋಡಿ ಬೇಕಾದ್ರೆ.” ಅವನು ಬಾಯಿ ಅಗಲಿಸಿದ.

“ಮುಚ್ಚಯ್ಯ, ನಂಬಿದ್ವಿ,” ಅಂದಳು ಹ್ಯಾಲ್ವರ್ಸನ್‌ನ ಕೈಕೆಳಗಿನ ಡೆಪ್ಯುಟಿ ಲೂಪೆ ಆರ್ಮೆಂಟಾ. ಡಾಕ್ಟರಿಗೆ ಫೋನ್ ಮಾಡಿದಾಗ ಅದು ನಿಜವೆಂದಾಯಿತು.

ಮಧ್ಯಾಹ್ನ ಮಹಜರು. ಅಂಚಿನ ಕಲ್ಲಿನ ಮೇಲೆ ಆಗಲೇ ಯಾರೋ ಹಗ್ಗ ಇಳಿಬಿಟ್ಟ ಗುರುತಿತ್ತು. ಅಲ್ಲೇ ಲೂಪೆ ಹಗ್ಗ ಹಿಡಿದು ಗೂಡಿಗಿಳಿದಳು. ಸತ್ತ ಮರಿಗಳಿಗೆ ತಿನ್ನಿಸಲು ತಾಯಿ ಹದ್ದು ಮೊಲವೊಂದನ್ನು ಕಾಲಲ್ಲಿ ಹಿಡಿದು ಮೇಲೆ ಸುತ್ತುತ್ತಲೇ ಇತ್ತು.

“ಸರ್, ಎರಡು ಇಲ್ಲಿವೆ. ಮೂರನೇದು ಹಿಂದೆ ಬಂಡೆ ಸಂದಿಯೊಳಗೆ. ಹೆದರ್ಕೊಂಡು ನುಗ್ಗಿದೆ, ಪಾಪ. ಅಲ್ಲಿಗೂ ಕೈ ಹಾಕಿ ಕತ್ತು ತಿರುಚಿದಾರೆ.”

ಹ್ಯಾಲ್ವರ್ಸನ್ ಎದುರಿನ ದಿಬ್ಬಕ್ಕೆ ಹೋಗಿ ದುರ್ಬೀನು ಹಿಡಿದ. ಗೂಡಿನಲ್ಲಿ ಎರಡು ಮರಿ ಕಂಡವು. ಜಾಗ ಬದಲಿಸಿದರೂ ಎರಡೇ. ಇಲ್ಲಿಂದ ನೋಡಿ ಮೂರೂ ಬಿದ್ದಿವೆ ಎಂದಿದ್ದಳು ಡೊರೀನ್. ಬೇರೆ ಯಾರಾದರೂ ಆಗಿದ್ದರೆ ಮರಿಗಳು ಸತ್ತಿವೆ ಎಂದಷ್ಟೇ ಹೇಳಿ ಪಾರಾಗುತ್ತಿದ್ದರು. ಅರೆಬರೆ ವರದಿ ಕೊಟ್ಟು ಅವಳಿಗೆ ಅಭ್ಯಾಸವಿರಲಿಲ್ಲ.

ಸಂಜೆ ಇಬ್ಬರೂ ಮನೆಗೆ ಹೋದಾಗ ಡೊರೀನೇ ಬಾಗಿಲು ತೆರೆದಳು. ಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದಳು.

“ದಿಬ್ಬದಿಂದ ಎರಡೇ ಕಾಣೋದು, ಡೊರೀನ್.”

ಅವಳು ಬೆರಳಿನ ಬಟ್ಟೆ ಬಿಚ್ಚಿ ತೋರಿಸಿದಳು. “ಮೂರನೇದು ನನ್ನ ಬೆರಳು ಕಚ್ಚಿ ಹಿಡ್ಕೊಂಡಿತ್ತು. ಸತ್ತ ಮೇಲೂ ಬಿಡಿಸ್ಬೇಕಾಯ್ತು.”

“ಮರಿಗಳು ಏನು ಮಾಡಿದ್ವು?”

“ಬೆಳೀತಿದ್ವು. ವಾರಾವಾರ ಹೋಗಿ, ಆರೋಗ್ಯವಾಗಿವೆ, ರೆಕ್ಕೆ ಬಲಿತಿದೆ ಅಂತ ನಾನೇ ಬರೀಬೇಕಿತ್ತು. ಅವನ್ನ ಉಳಿಸಿ ನನ್ನ ಮಗನ್ನ ಕೊಂದೆ, ರಾಯ್ಸ್. ಅದನ್ನೆಲ್ಲಿ ಬರೀಲಿ?”

ಬಂಧಿತರ ಹಕ್ಕುಗಳನ್ನು ಓದಿ ಹೇಳಿ ಲೂಪೆ ಕೈಕೋಳ ಹಾಕಿದಳು. ಕಾರಿನಲ್ಲಿ ಡೊರೀನ್ ಕೇಳಿದಳು.

“ನಾನು ಎಲ್ಲಾದ್ರೂ ಇರ್ಲಿ. ನಾಳೆ ಆ ಗೋಡೆ ಕೆಡವ್ತಾರೆ ತಾನೇ?”

ಸುಳ್ಳು ಹೇಳಬಹುದಿತ್ತು. ಹ್ಯಾಲ್ವರ್ಸನ್ ಹೇಳಲಿಲ್ಲ.

“ಅದೀಗ ಅಪರಾಧ ನಡೆದ ಜಾಗ. ಕೇಸು ಮುಗಿಯೋವರೆಗೂ ಯಾರೂ ಮುಟ್ಟೋ ಹಾಗಿಲ್ಲ. ವರ್ಷ ಆಗ್ಬೋದು, ಎರಡೂ ಆಗ್ಬೋದು.”

“ತಡೆ ಹಾಕಿದ್ದು ಯಾರು?”

“ನಾನೇ,” ಅಂದ ಹ್ಯಾಲ್ವರ್ಸನ್.